ಚರ್ಮದ ಕೈಕೆಲಸ ಆರಂಭಿಸಲು ದುಬಾರಿ ಉಪಕರಣ ಬೇಕೇ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಕನ್ನಡಕದ ಚೀಲ, ಬೆಲ್ಟ್ ಮುಂತಾದ ಸರಳ ವಸ್ತುಗಳನ್ನು ಚರ್ಮದಲ್ಲಿ ಕೈಯಾರೆ ಮಾಡಬೇಕೆಂಬ ಆಸೆಯಿದೆ. ಆನ್‌ಲೈನ್‌ನಲ್ಲಿ ಸಿಗುವ ಉಪಕರಣಗಳ ಕಿಟ್‌ಗಳಿಗೆ ಸಾವಿರಾರು ರೂಪಾಯಿ ಬೆಲೆಯಿದೆ. ಮನೆಯಲ್ಲಿರುವ ಸಾಮಾನುಗಳಿಂದಲೇ ಆರಂಭಿಸಬಹುದೇ? ಎಂಥ ಚರ್ಮ ಕೊಳ್ಳಬೇಕು, ಎಲ್ಲಿ ಸಿಗುತ್ತದೆ? ಮನೆಯ ಹೊಲಿಗೆ ಯಂತ್ರದಲ್ಲಿ ಚರ್ಮ ಹೊಲಿಯಲು ಬರುತ್ತದೆಯೇ? ಮುಂದೆ ಚಪ್ಪಲಿ ಮಾಡುವುದನ್ನೂ ಹೀಗೆಯೇ ಕಲಿಯಬಹುದೇ?

ಉತ್ತರ: ಖಂಡಿತ ಆರಂಭಿಸಬಹುದು. ಮೊದಲ ಕೆಲವು ತಿಂಗಳು ಕಿಟ್ ಕೊಳ್ಳದೇ ಇರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅಗ್ಗದ ಕಿಟ್‌ಗಳಲ್ಲಿ ಇಪ್ಪತ್ತು ಮೂವತ್ತು ವಸ್ತುಗಳಿದ್ದರೂ ಅವುಗಳ ಅಲಗುಗಳಿಗೆ ಸಾಮಾನ್ಯವಾಗಿ ಹರಿತ ಇರುವುದಿಲ್ಲ, ಅರ್ಧದಷ್ಟು ವಸ್ತುಗಳನ್ನು ಹೊಸಬರು ಮುಟ್ಟುವುದೂ ಇಲ್ಲ. ನಿಮ್ಮೂರಿನ ಬಸ್ ನಿಲ್ದಾಣದ ಬಳಿ ಕೂರುವ ಸಮಗಾರರ ಪೆಟ್ಟಿಗೆಯನ್ನು ಒಮ್ಮೆ ಗಮನವಿಟ್ಟು ನೋಡಿ: ಚರ್ಮ ಕೊಯ್ಯುವ ಒಂದು ರಂಪಿಗೆ, ತೂತು ಹಾಕುವ ಒಂದೆರಡು ಆರಿ, ಸುತ್ತಿಗೆ, ಚಪ್ಪಲಿ ಇಟ್ಟು ಬಡಿಯುವ ಕಬ್ಬಿಣದ ಅಡಿ, ದಾರ, ಮೇಣದ ಉಂಡೆ. ವಚನಗಳ ಕಾಲದಲ್ಲಿಯೇ ಹೆಸರಾಗಿದ್ದ ಕೈಯುಳಿ, ಕತ್ತಿ, ಅಡಿಗೂಂಟಗಳಿಗೂ ಈ ಪೆಟ್ಟಿಗೆಗೂ ಹೆಚ್ಚಿನ ಅಂತರವಿಲ್ಲ. ಕತ್ತರಿಸುವುದು, ತೂತು ಹಾಕುವುದು, ಹೊಲಿಯುವುದು, ಅಂಚು ನಯಮಾಡುವುದು ಎಂಬ ನಾಲ್ಕು ಕ್ರಿಯೆಗಳಲ್ಲಿ ಈ ಕೆಲಸ ಬಹುಮಟ್ಟಿಗೆ ಮುಗಿಯುತ್ತದೆ. ಆದುದರಿಂದ ನಿಮ್ಮ ಹಣ ಒಳ್ಳೆಯ ಚರ್ಮಕ್ಕೂ ನಿಮ್ಮ ಸಮಯ ಅಲಗನ್ನು ಹರಿತವಾಗಿಡುವುದಕ್ಕೂ ಹೋಗಲಿ. ಉಳಿದುದನ್ನು ಮನೆ, ಹಾರ್ಡ್‌ವೇರ್ ಅಂಗಡಿ ಮತ್ತು ಮಕ್ಕಳ ಕಂಪಾಸ್ ಪೆಟ್ಟಿಗೆಯಿಂದ ಹೊಂದಿಸಿಕೊಳ್ಳಬಹುದು.

ಮೊದಲು ಚರ್ಮದ ವಿಚಾರ, ಏಕೆಂದರೆ ಹೆಚ್ಚಿನವರು ಸೋಲುವುದು ಇಲ್ಲಿಯೇ. ಮಾರುಕಟ್ಟೆಯಲ್ಲಿ ಸಿಗುವ ಚರ್ಮವನ್ನು ಮುಖ್ಯವಾಗಿ ಎರಡು ವಿಧದಲ್ಲಿ ಹದ ಮಾಡಿರುತ್ತಾರೆ. ಕ್ರೋಮಿಯಂ ಲವಣಗಳಿಂದ ಹದ ಮಾಡಿದ್ದು ಮೃದುವಾಗಿರುತ್ತದೆ, ನೀರಿಗೆ ಅಷ್ಟಾಗಿ ಅಂಜುವುದಿಲ್ಲ, ಬಣ್ಣಬಣ್ಣಗಳಲ್ಲಿ ಸಿಗುತ್ತದೆ. ಜಾಕೆಟ್, ಕೈಚೀಲ, ಶೂಗಳ ಮೇಲ್ಭಾಗಕ್ಕೆ ಬಳಕೆಯಾಗುವುದು ಹೆಚ್ಚಾಗಿ ಇದೇ. ಎರಡನೆಯದು ತೊಗಟೆ, ಕಾಯಿಗಳಲ್ಲಿರುವ ಟ್ಯಾನಿನ್ ಎಂಬ ಒಗರು ಸತ್ವದಿಂದ ಹದ ಮಾಡಿದ್ದು. ಅಂಗಡಿಯವರು ಇದನ್ನು ವೆಜ್ ಟ್ಯಾನ್ ಎನ್ನುತ್ತಾರೆ. ನಮ್ಮ ಕಡೆ ಇದಕ್ಕೆ ತಂಗಡಿ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿಗಳನ್ನು ಬಳಸುತ್ತ ಬಂದಿದ್ದಾರೆ. ಬಣ್ಣ ಹಾಕದಿದ್ದರೆ ಇದು ತಿಳಿ ಕಂದು ಬಣ್ಣದ್ದಾಗಿದ್ದು, ಬಿಗಿಯಾಗಿ, ಕೊಂಚ ಒರಟಾಗಿರುತ್ತದೆ. ನೀವು ಕೊಳ್ಳಬೇಕಾದುದು ಇದನ್ನು. ಮನೆಯ ಸಾಮಾನುಗಳಿಂದ ಮಾಡಬಹುದಾದ ಕೆಲಸಗಳೆಲ್ಲ, ಅಂದರೆ ನೀರಿನಲ್ಲಿ ನೆನೆಸಿ ಆಕಾರ ಕೊಡುವುದು, ಅಚ್ಚು ಒತ್ತುವುದು, ಅಂಚನ್ನು ಉಜ್ಜಿ ಹೊಳಪು ತರುವುದು, ಈ ಚರ್ಮದಲ್ಲಿ ಸಲೀಸಾಗಿ ಆಗುತ್ತವೆ. ಕ್ರೋಮ್ ಚರ್ಮದ ಅಂಚನ್ನು ಎಷ್ಟು ಉಜ್ಜಿದರೂ ಅದು ನೂಲುನೂಲಾಗಿಯೇ ಉಳಿಯುತ್ತದೆ, ಅದಕ್ಕೆ ಬಣ್ಣ ಬಳಿಯಬೇಕು ಇಲ್ಲವೇ ಅಂಚನ್ನು ಮಡಚಿ ಹೊಲಿಯಬೇಕು. ಎರಡೂ ಹೊಸಬರಿಗೆ ಕಷ್ಟ.

ಅಂಗಡಿಯವರ ಮಾತಿನ ಮೇಲೆ ಅನುಮಾನವಿದ್ದರೆ ಮನೆಯಲ್ಲಿಯೇ ಪರೀಕ್ಷೆ ಮಾಡಬಹುದು. ತುಕ್ಕು ಹಿಡಿದ ಒಂದೆರಡು ಮೊಳೆಗಳನ್ನು ವಿನೆಗರ್‌ನಲ್ಲಿ ಕೆಲವು ದಿನ ಮುಚ್ಚಳ ಬಿಗಿಯದೆ ಇಡಿ. ಆ ದ್ರವದ ಒಂದು ಹನಿಯನ್ನು ಚರ್ಮದ ತುಣುಕಿನ ಮೇಲೆ ಬಿಟ್ಟಾಗ ಅದು ಕೆಲವೇ ಕ್ಷಣಗಳಲ್ಲಿ ಕಪ್ಪಾದರೆ ಒಳಗೆ ಟ್ಯಾನಿನ್ ಇದೆ ಎಂದರ್ಥ. ಕಲಂಕಾರಿ ಬಟ್ಟೆಯ ಕಪ್ಪು ಬಣ್ಣದ ಗುಟ್ಟೂ ಇದೇ: ಅಲ್ಲಿ ಅಳಲೆಕಾಯಿಯ ಒಗರು ಹಿಡಿದ ಬಟ್ಟೆಯ ಮೇಲೆ ಕಬ್ಬಿಣ ಮತ್ತು ಬೆಲ್ಲ ಕೊಳೆಸಿದ ನೀರಿನಿಂದ ಬರೆಯುತ್ತಾರೆ. ಶುದ್ಧ ಕ್ರೋಮ್ ಚರ್ಮ ಹೀಗೆ ಕಪ್ಪಾಗುವುದಿಲ್ಲ. ಬೆಂಕಿ ಹಚ್ಚಿ ನೋಡುವ ಪರೀಕ್ಷೆಯನ್ನು ಕೆಲವರು ಹೇಳಿಕೊಡುತ್ತಾರೆ. ಕ್ರೋಮ್ ಚರ್ಮ ಸುಟ್ಟಾಗ ಅದರ ಬೂದಿಯಲ್ಲಿ ವಿಷಕಾರಿ ಸಂಯುಕ್ತಗಳು ಉಂಟಾಗಬಹುದಾದ್ದರಿಂದ ನಾನು ಅದನ್ನು ಸೂಚಿಸುವುದಿಲ್ಲ.

ಚರ್ಮವನ್ನು ಚದರ ಅಡಿಯ ಲೆಕ್ಕದಲ್ಲಿ ಮಾರುತ್ತಾರೆ. ಚೆನ್ನೈನ ಪೆರಿಯಮೇಟ್, ಮುಂಬೈನ ಧಾರಾವಿ ದೊಡ್ಡ ಮಾರುಕಟ್ಟೆಗಳು. ನಿಮಗೆ ಇವೆರಡಕ್ಕಿಂತ ಹತ್ತಿರವಾದುದು ಚಪ್ಪಲಿ ಕಸುಬಿಗೆ ಹೆಸರಾದ ಅಥಣಿ, ನಿಪ್ಪಾಣಿ ಸೀಮೆ. ಇಡೀ ತೊಗಲು ಕೊಳ್ಳಬೇಡಿ. ಬ್ಯಾಗ್, ಚಪ್ಪಲಿ ಮಾಡುವವರ ಬಳಿ ಕತ್ತರಿಸಿ ಉಳಿದ ತುಂಡುಗಳು ತೂಕದ ಲೆಕ್ಕದಲ್ಲಿ ಸಿಗುತ್ತವೆ. ಒಂದೆರಡು ಕಿಲೋ ತಂದರೆ ಕಲಿಯುವ ಕಾಲಕ್ಕೆ ಧಾರಾಳವಾಯಿತು. ಆರಿಸುವಾಗ ಎರಡು ವಿಷಯ ನೋಡಿ. ಒಂದು ದಪ್ಪ: ಪರ್ಸ್‌ಗೆ 1ರಿಂದ 1.5 ಮಿ.ಮೀ., ಕನ್ನಡಕದ ಚೀಲಕ್ಕೆ 2 ಮಿ.ಮೀ., ಬೆಲ್ಟ್‌ಗೆ 3ರಿಂದ 3.5 ಮಿ.ಮೀ. ಇರಲಿ. ಇನ್ನೊಂದು, ತುಂಡು ಪ್ರಾಣಿಯ ಯಾವ ಭಾಗದ್ದು ಎಂಬುದು. ಬೆನ್ನಿನ ಚರ್ಮ ಬಿಗಿಯಾಗಿದ್ದು ಎಳೆದರೆ ಹಿಗ್ಗುವುದಿಲ್ಲ. ಹೊಟ್ಟೆಯ ಭಾಗದ್ದು ಸಡಿಲವಾಗಿರುತ್ತದೆ. ತುಂಡನ್ನು ಮೇಲ್ಮೈ ಒಳಗೆ ಬರುವಂತೆ ಮಡಚಿ ನೋಡಿ. ಮಡಿಕೆಯಲ್ಲಿ ದೊಡ್ಡ ದೊಡ್ಡ ಸುಕ್ಕುಗಳು ಎದ್ದರೆ ಅದು ಹೊಟ್ಟೆಯ ಭಾಗ. ಅದನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ, ಬೆಲ್ಟ್‌ಗೆ ಬೇಡ.

ಕತ್ತರಿಸಲು ಅಲಗನ್ನು ತುಂಡುತುಂಡಾಗಿ ಮುರಿದುಕೊಳ್ಳಬಹುದಾದ 18 ಮಿ.ಮೀ. ಅಗಲದ ಕಟರ್ ಸಾಕು. ಉಕ್ಕಿನ ಸ್ಕೇಲಿನ ಅಡಿಗೆ ತೆಳುವಾದ ಉಪ್ಪುಕಾಗದ ಅಂಟಿಸಿದರೆ ಅದು ಜಾರುವುದಿಲ್ಲ. ಒಂದೇ ಏಟಿಗೆ ಬಲ ಹಾಕಿ ಕತ್ತರಿಸುವ ಬದಲು ಹಗುರವಾಗಿ ಮೂರು ಬಾರಿ ಎಳೆಯಿರಿ. ಮೊದಲನೆಯದು ದಾರಿ ತೋರಿಸುತ್ತದೆ, ಉಳಿದವು ಆ ಸೀಳಿನಲ್ಲಿಯೇ ಇಳಿಯುತ್ತವೆ. ತಿರುವು ಬಂದಲ್ಲಿ ಕೈಯನ್ನು ಹಾಗೆಯೇ ಇಟ್ಟು ಚರ್ಮವನ್ನು ತಿರುಗಿಸಬೇಕು. ಅಡಿಯಲ್ಲಿ ಪ್ಲಾಸ್ಟಿಕ್‌ನ ತರಕಾರಿ ಹೆಚ್ಚುವ ಹಲಗೆ ಇರಲಿ, ಆದರೆ ಅದು ಮತ್ತೆ ಅಡುಗೆಮನೆಗೆ ಹೋಗಕೂಡದು. ಅಲಗನ್ನು ಹೊಸದಾಗಿ ಮುರಿದುಕೊಂಡ ಮೇಲೂ ಆಗಾಗ ಮಸೆಯಬೇಕು. ಇದಕ್ಕೆ ಒಂದು ಅಡಿ ಉದ್ದದ ಹಲಗೆಗೆ ಚರ್ಮದ ಪಟ್ಟಿಯನ್ನು ಒರಟು ಬದಿ ಮೇಲಾಗಿ ಅಂಟಿಸಿ, ಹಿತ್ತಾಳೆ ಪಾತ್ರೆ ಉಜ್ಜುವ ಲೋಹದ ಪಾಲಿಶ್ ಸ್ವಲ್ಪ ಸವರಿ, ಅಲಗನ್ನು ಬೆನ್ನಿನ ದಿಕ್ಕಿಗೆ ಎಳೆಯುತ್ತ ಹತ್ತಿಪ್ಪತ್ತು ಬಾರಿ ಸವರಿದರೆ ಸಾಕು. ಮೊಂಡು ಅಲಗು ಚರ್ಮವನ್ನು ಕತ್ತರಿಸುವ ಬದಲು ಎಳೆದು ಹಿಗ್ಗಿಸುತ್ತದೆ, ಕೈ ಜಾರಿ ಗಾಯವಾಗುವುದೂ ಅದರಿಂದಲೇ ಹೆಚ್ಚು. ರಂಪಿಗೆಯ ಬಳಕೆ ಬೇರೆಯೇ ಅಭ್ಯಾಸ ಬೇಡುತ್ತದೆ. ಅದನ್ನು ಮುಂದೆ, ಬಲ್ಲವರ ಪಕ್ಕದಲ್ಲಿ ಕೂತು ಕಲಿಯುವುದು ಮೇಲು.

ತೂತು ಹಾಕುವ ಆರಿಯನ್ನು ನೀವೇ ಮಾಡಿಕೊಳ್ಳಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ, ಏಕೆಂದರೆ ಈ ಒಂದು ಉಪಕರಣ ಮಾಡುವಾಗ ಹೊಲಿಗೆಯ ಅರ್ಧ ತತ್ತ್ವ ತಿಳಿದುಬಿಡುತ್ತದೆ. ಗೋಣಿಚೀಲ ಹೊಲಿಯುವ ದಬ್ಬಳವನ್ನು ಹಾರ್ಡ್‌ವೇರ್ ಅಂಗಡಿಯಿಂದ ತನ್ನಿ. ಬಾಗಿಲ್ಲದ ನೇರವಾದ ಭಾಗ ತುದಿಯೊಂದಿಗೆ ಐದಾರು ಸೆಂಟಿಮೀಟರ್ ಸಿಗುವಂತೆ ಕತ್ತರಿಸಿಕೊಳ್ಳಿ; ದಬ್ಬಳದ ಬದಲು ಸೈಕಲ್ ಅಂಗಡಿಯ ಮುರಿದ ಸ್ಪೋಕ್ ಕೂಡ ತೆಳು ಚರ್ಮಕ್ಕೆ ನಡೆಯುತ್ತದೆ. ಹಳೆಯ ಅರದ ಮರದ ಹಿಡಿಯನ್ನೋ, ಒಣಗಿದ ಪೇರಲ ಕೊಂಬೆಯ ಗೇಣುದ್ದದ ತುಂಡನ್ನೋ ತೆಗೆದುಕೊಂಡು, ಕಂಬಿಗಿಂತ ಕೊಂಚ ಸಣ್ಣ ರಂಧ್ರ ಕೊರೆದು, ಕಂಬಿಯ ಮೊಂಡು ತುದಿಯನ್ನು ಅದರೊಳಗೆ ಬಡಿದು ಕೂರಿಸಿ. ಬಳಿಕ ಹೊರಗಿನ ತುದಿಯನ್ನು ಸಣ್ಣ ಅರದಿಂದ ನಾಲ್ಕು ಮುಖಗಳಾಗಿ ಉಜ್ಜುತ್ತ ಬನ್ನಿ. ಅಡ್ಡಕ್ಕೆ ನೋಡಿದರೆ ಅದು ಇಸ್ಪೀಟಿನ ಡೈಮಂಡ್ ಆಕಾರದಲ್ಲಿ, ಅಗಲದಲ್ಲಿ ಸುಮಾರು 2 ಮಿ.ಮೀ. ಇರಬೇಕು. ಯಂತ್ರದ ಸಾಣೆ ಬಳಸುವುದಾದರೆ ಪದೇಪದೇ ನೀರಿನಲ್ಲಿ ಅದ್ದಿ. ಉಕ್ಕು ನೀಲಿಗಟ್ಟಿತೆಂದರೆ ಅದರ ಗಡಸುತನ ಹೋಯಿತು. ಕೊನೆಗೆ ಪಾಲಿಶ್ ಸವರಿದ ಚರ್ಮದ ಹಲಗೆಯ ಮೇಲೆ ನಾಲ್ಕೂ ಮುಖಗಳನ್ನು ತೀಡಿ. ದುಂಡು ತುದಿ ಚರ್ಮವನ್ನು ಸುತ್ತಲೂ ತಳ್ಳಿ ದೊಡ್ಡ ರಂಧ್ರ ಮಾಡುತ್ತದೆ. ಡೈಮಂಡ್ ಆಕಾರದ ತುದಿಯಾದರೋ ಓರೆಯಾದ ಕಿರುಸೀಳು ಮಾಡುತ್ತದೆ. ದಾರ ಬಿಗಿದ ಮೇಲೆ ಆ ಸೀಳು ಮುಚ್ಚಿಕೊಳ್ಳುತ್ತದೆ, ಹೊಲಿಗೆ ಕೂಡ ಓರೆ ಗೆರೆಗಳಾಗಿ ಅಂದವಾಗಿ ಕೂರುತ್ತದೆ. ಎಲ್ಲ ತೂತುಗಳೂ ಒಂದೇ ಓರೆಯಲ್ಲಿರಬೇಕು ಎಂಬುದೊಂದೇ ಇಲ್ಲಿ ಗಮನಿಸಬೇಕಾದ ನಿಯಮ.

ಹೊಲಿಗೆಯ ಗೆರೆ ಎಳೆಯಲು ಕಂಪಾಸ್ ಪೆಟ್ಟಿಗೆಯ ಡಿವೈಡರ್‌ಗಿಂತ ಒಳ್ಳೆಯ ಸಾಧನವಿಲ್ಲ. ಎರಡು ಕಾಲುಗಳ ನಡುವೆ 4 ಮಿ.ಮೀ. ಅಂತರವಿಟ್ಟು, ಒಂದು ಕಾಲನ್ನು ಚರ್ಮದ ಅಂಚಿನ ಹೊರಗೆ ತಾಗಿಸಿ ಎಳೆದರೆ ಇನ್ನೊಂದು ಕಾಲು ಅಂಚಿಗೆ ಸಮಾನಾಂತರವಾಗಿ ಗೆರೆ ಗೀರುತ್ತದೆ. ತೂತುಗಳ ಅಂತರಕ್ಕೆ ಹಲವರು ಊಟದ ಫೋರ್ಕ್ ಒತ್ತುತ್ತಾರೆ, ಆದರೆ ಅದರ ಹಲ್ಲುಗಳ ಅಂತರ ಸಣ್ಣ ವಸ್ತುಗಳಿಗೆ ಹೆಚ್ಚಾಯಿತು. ಗ್ರಾಫ್ ಹಾಳೆಯ ಪಟ್ಟಿಯನ್ನು ಗೆರೆಯ ಮೇಲೆ ಟೇಪಿನಿಂದ ಅಂಟಿಸಿ ಪ್ರತಿ 4 ಮಿ.ಮೀ.ಗೆ ಒಂದು ಚುಕ್ಕೆ ಚುಚ್ಚುವುದು ಹೆಚ್ಚು ನಿಖರ. ದರ್ಜಿಗಳ ಹಲ್ಲುಚಕ್ರ ಸಿಕ್ಕರೆ ಇನ್ನೂ ಸುಲಭ. ತೂತು ಹಾಕುವಾಗ ಅಡಿಗೆ ದಪ್ಪ ಥರ್ಮಾಕೋಲ್ ಅಥವಾ ಹಳೆಯ ರಬ್ಬರ್ ಚಪ್ಪಲಿ ಇಡಬಹುದು. ಮುಂದೆ ಉಳಿಯಿಂದ ಬಡಿಯುವ ಕೆಲಸ ಬಂದಾಗ ಹುಣಸೆಮರದ ಕೊರಡೊಂದನ್ನು ಸಂಪಾದಿಸಿಕೊಳ್ಳಿ. ಮಾಂಸದ ಅಂಗಡಿಯವರು ಅದನ್ನೇ ಬಳಸುವುದಕ್ಕೆ ಕಾರಣವಿದೆ, ಅದು ಏಟನ್ನು ತಾಳಿಕೊಳ್ಳುತ್ತದೆ, ಅಲಗನ್ನು ಕೆಡಿಸುವುದಿಲ್ಲ. ಬಡಿಯಲು ಕಬ್ಬಿಣದ ಸುತ್ತಿಗೆಯ ಬದಲು ಮರದ ಕೊಡತಿ ಬಳಸಿದರೆ ಉಳಿಗಳ ತಲೆ ಚಪ್ಪಟೆಯಾಗುವುದಿಲ್ಲ.

ಈಗ ಹೊಲಿಗೆ. ಕುದುರೆಯ ಜೀನು ಹೊಲಿಯುವವರು ಬಳಸುತ್ತಿದ್ದ ಎರಡು ಸೂಜಿಯ ಹೊಲಿಗೆಯೊಂದನ್ನು ಕಲಿತರೆ ಚರ್ಮದ ಮುಕ್ಕಾಲು ಕೆಲಸ ನಿಮ್ಮ ಕೈವಶವಾಗುತ್ತದೆ. ಪಾಲಿಯೆಸ್ಟರ್ ಅಥವಾ ನಾರಗಸೆ (ಲಿನನ್) ದಾರ, 0.6ರಿಂದ 0.8 ಮಿ.ಮೀ. ದಪ್ಪದ್ದು, ಒಳ್ಳೆಯದು. ಹೊಲಿಯಬೇಕಾದ ಉದ್ದದ ನಾಲ್ಕು ಪಟ್ಟು ಕತ್ತರಿಸಿ, ಕೊನೆಗೆ ಹಿಡಿಯಲು ಇನ್ನೊಂದು ಗೇಣು ಸೇರಿಸಿ, ಜೇನುಮೇಣದ ಮೇಲೆ ಎರಡು ಮೂರು ಸಲ ಎಳೆಯಿರಿ. ದಾರದ ಎರಡೂ ತುದಿಗಳಿಗೆ ಒಂದೊಂದು ಸೂಜಿ. ಸೂಜಿಯ ಮೊನೆಯನ್ನು ಕಲ್ಲಿನ ಮೇಲೆ ಉಜ್ಜಿ ಮೊಂಡು ಮಾಡಿಕೊಳ್ಳಿ, ಏಕೆಂದರೆ ತೂತು ಆಗಲೇ ಇದೆ. ಚೂಪಾದ ಸೂಜಿ ದಾರವನ್ನೂ ಬೆರಳನ್ನೂ ಚುಚ್ಚುತ್ತದೆ. ಮೊದಲ ತೂತಿನಲ್ಲಿ ಒಂದು ಸೂಜಿ ದಾಟಿಸಿ, ಎರಡೂ ಕಡೆ ದಾರ ಸಮ ಮಾಡಿ. ಎರಡನೆಯ ತೂತಿನಲ್ಲಿ ಎಡಗೈ ಸೂಜಿ ಮೊದಲು ಬಲಕ್ಕೆ ಬರಲಿ. ಆ ದಾರವನ್ನು ತೂತಿನ ಒಂದು ಬದಿಗೆ ಒತ್ತರಿಸಿ ಹಿಡಿದು, ಉಳಿದ ಜಾಗದಲ್ಲಿ ಬಲಗೈ ಸೂಜಿಯನ್ನು ಎಡಕ್ಕೆ ಕಳುಹಿಸಿ. ಎರಡನ್ನೂ ಒಂದೇ ಬಲದಲ್ಲಿ ಎಳೆಯಿರಿ. ಪ್ರತಿ ತೂತಿನಲ್ಲಿಯೂ ಇದೇ ಕ್ರಮ, ಇದೇ ಬದಿ. ಒಂದು ಕಡೆ ಕ್ರಮ ತಪ್ಪಿದರೂ ಅಲ್ಲಿನ ಹೊಲಿಗೆಯ ಓರೆ ಬದಲಾಗಿ ಎದ್ದು ಕಾಣುತ್ತದೆ. ಕೊನೆಯಲ್ಲಿ ಎರಡು ಮೂರು ತೂತು ಹಿಂದಕ್ಕೆ ಹೊಲಿದು ದಾರ ಕತ್ತರಿಸಿ. ಪಾಲಿಯೆಸ್ಟರ್ ಆದರೆ ತುದಿಗೆ ಕಡ್ಡಿ ಗೀರಿ ಕರಗಿಸಿ ಒತ್ತಿ. ಈ ಹೊಲಿಗೆಯಲ್ಲಿ ಪ್ರತಿ ತೂತಿನೊಳಗೂ ದಾರದ ಎರಡು ಎಳೆಗಳು ಪೂರ್ತಿ ದಾಟಿರುವುದರಿಂದ ಒಂದು ಎಳೆ ತುಂಡಾದರೂ ಇನ್ನೊಂದು ಹಿಡಿದಿರುತ್ತದೆ.

ಎರಡೂ ಕೈಗಳಿಗೆ ಕೆಲಸವಿರುವುದರಿಂದ ಚರ್ಮವನ್ನು ಬೇರೇನಾದರೂ ಹಿಡಿದಿರಬೇಕು. ಒಂದೂಕಾಲು ಅಡಿ ಉದ್ದದ ಎರಡು ಹಲಗೆ ಪಟ್ಟಿಗಳನ್ನು ಕೆಳತುದಿಯಲ್ಲಿ ತಿರುಗಣೆಯಿಂದ (ಬಾಗಿಲಿಗೆ ಹಾಕುವಂಥ ಹಿಂಜ್) ಜೋಡಿಸಿ, ನಡುವೆ ಒಂದು ಬೋಲ್ಟ್ ಮತ್ತು ಕೈಯಿಂದ ತಿರುಗಿಸುವ ರೆಕ್ಕೆ ನಟ್ಟು ಹಾಕಿ, ಮೇಲ್ತುದಿಯ ಒಳಬದಿಗೆ ಚರ್ಮದ ಚೂರು ಅಂಟಿಸಿದರೆ ಒಳ್ಳೆಯ ಇಕ್ಕುಳವಾಯಿತು. ಕೆಳಭಾಗವನ್ನು ತೊಡೆಗಳ ನಡುವೆ ಹಿಡಿದು ಕೂರಬೇಕು. ಅದು ಸಿದ್ಧವಾಗುವವರೆಗೆ ಕಾಗದ ಹಿಡಿಯುವ ದೊಡ್ಡ ಬೈಂಡರ್ ಕ್ಲಿಪ್‌ಗಳನ್ನು, ಗುರುತು ಬೀಳದಂತೆ ಒಳಗೆ ಚರ್ಮದ ಚೂರಿಟ್ಟು ಬಳಸಬಹುದು.

ಹೊಲಿಯುವ ಮೊದಲು ಎರಡು ಪದರಗಳನ್ನು ಅಂಟಿಸಬೇಕು. ಚಪ್ಪಲಿ ರಿಪೇರಿಯವರು ಬಳಸುವ ರಬ್ಬರ್ ಅಂಟನ್ನು ಎರಡೂ ಬದಿಗೆ ತೆಳುವಾಗಿ ಬಳಿದು, ಹತ್ತು ಹದಿನೈದು ನಿಮಿಷ ಆರಲು ಬಿಟ್ಟು, ಬೆರಳಿಗೆ ಅಂಟದಂತಾದ ಮೇಲೆ ಒತ್ತಿ. ಇದರ ಆವಿ ಆರೋಗ್ಯಕ್ಕೆ ಕೆಟ್ಟದ್ದು, ಬೆಂಕಿಯನ್ನೂ ಹಿಡಿಯುತ್ತದೆ. ಕಿಟಕಿ ತೆರೆದ ಕೋಣೆಯಲ್ಲಿ, ಒಲೆ ಮತ್ತು ದೇವರ ದೀಪದಿಂದ ದೂರ ಕೂರಬೇಕು. ಹೊಲಿಗೆಯಾದ ಮೇಲೆ ಅಂಚನ್ನು 220, 400, 600 ನಂಬರಿನ ಉಪ್ಪುಕಾಗದಗಳಿಂದ ಕ್ರಮವಾಗಿ ಉಜ್ಜಿ, ಬೆರಳಿನಿಂದ ನೀರು ಸವರಿ, ದಪ್ಪ ಜೀನ್ಸ್ ಬಟ್ಟೆಯಿಂದ ಬಿಸಿಯಾಗುವಂತೆ ವೇಗವಾಗಿ ತಿಕ್ಕಿ. ಎಳೆಗಳೆಲ್ಲ ಕೂಡಿಕೊಂಡು ಅಂಚು ಕಪ್ಪುಗಂದು ಬಣ್ಣಕ್ಕೆ ತಿರುಗಿ ಹೊಳೆಯತೊಡಗುತ್ತದೆ. ಆಗ ಜೇನುಮೇಣ ಉಜ್ಜಿ ಇನ್ನೊಮ್ಮೆ ತಿಕ್ಕಿದರೆ ಮುಗಿಯಿತು. ಕೈಕೆಲಸದ ಅಂದವನ್ನು ನಾನು ಮೊದಲು ಅಳೆಯುವುದು ಈ ಅಂಚಿನಲ್ಲಿಯೇ, ಆದ್ದರಿಂದ ಇಲ್ಲಿ ಆತುರ ಬೇಡ.

ಮೊದಲ ಕೆಲಸವಾಗಿ ಕನ್ನಡಕದ ಚೀಲವನ್ನೇ ಮಾಡಿ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಮಾದರಿ ಕತ್ತರಿಸಿ, ಕನ್ನಡಕ ಇಟ್ಟು ನೋಡಿ, ಸರಿಯೆನಿಸಿದ ಮೇಲೆ ಚರ್ಮಕ್ಕೆ ಕೈ ಹಾಕಿ. ಸುಮಾರು 18 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲದ ತುಂಡನ್ನು ನಡುವೆ ಮಡಚಿ ಒಂದು ಉದ್ದದ ಬದಿಯನ್ನೂ ತಳವನ್ನೂ ಹೊಲಿದರೆ ಚೀಲವಾಗುತ್ತದೆ. ಹೊಲಿಗೆಯ ಉದ್ದ 27 ಸೆಂ.ಮೀ., ಆದ್ದರಿಂದ ದಾರ ಸುಮಾರು ಒಂದೂಕಾಲು ಮೀಟರ್ ಬೇಕು. ಚೀಲ ಉಬ್ಬಿಕೊಂಡು ನಿಲ್ಲಬೇಕೆಂದರೆ ಹೊಲಿದ ಮೇಲೆ ತಣ್ಣೀರಿನಲ್ಲಿ ಕೆಲವು ನಿಮಿಷ ನೆನೆಸಿ, ಕನ್ನಡಕದ ಗಾತ್ರಕ್ಕೆ ಕೆತ್ತಿದ ಮರದ ತುಂಡಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಒಳಗಿಟ್ಟು, ಬೆರಳುಗಳಿಂದ ಒತ್ತಿ ಆಕಾರ ಕೊಟ್ಟು, ಒಂದು ದಿನ ನೆರಳಿನಲ್ಲಿ ಒಣಗಲು ಬಿಡಿ. ಕನ್ನಡಕವನ್ನೇ ಒಳಗಿಡಬೇಡಿ, ಕಬ್ಬಿಣದ ಕ್ಲಿಪ್ಪುಗಳನ್ನೂ ಬಳಸಬೇಡಿ. ಮೊದಲು ಹೇಳಿದ ಮೊಳೆ ನೀರಿನ ಪರೀಕ್ಷೆಯಲ್ಲಿ ಆದದ್ದೇ ಇಲ್ಲಿಯೂ ಆಗಿ, ಒದ್ದೆ ಚರ್ಮಕ್ಕೆ ಕಬ್ಬಿಣ ತಾಗಿದಲ್ಲೆಲ್ಲ ನೀಲಿಗಪ್ಪು ಕಲೆಗಳು ಮೂಡುತ್ತವೆ. ಕಲೆ ಬಿದ್ದರೆ ತಕ್ಷಣ ನಿಂಬೆರಸ ಸವರಿ ನೀರಿನಿಂದ ಒರೆಸಿ. ಇಡೀ ಚೀಲವೇ ಕಪ್ಪಾಗಿರಲಿ ಎನಿಸಿದರೆ ಅದೇ ಮೊಳೆ ನೀರನ್ನು ಸೋಸಿ ಬಳಿದು, ಅಡುಗೆ ಸೋಡಾದ ತಿಳಿ ದ್ರಾವಣದಿಂದ ಒರೆಸಿ ಹುಳಿ ತೆಗೆಯಬಹುದು. ಈ ಕಪ್ಪು ಚರ್ಮದೊಳಗೇ ಹುಟ್ಟಿದ್ದಾದ್ದರಿಂದ ಕೈಗೆ ಹತ್ತುವುದಿಲ್ಲ.

ಬೆಲ್ಟ್‌ಗೆ ಹೊಲಿಗೆ ಕಡಿಮೆ, ಆದರೆ ನೇರವಾದ ಉದ್ದನೆಯ ಪಟ್ಟಿ ಬೇಕು. ಅಂಗಡಿಯಲ್ಲಿಯೇ 35 ಮಿ.ಮೀ. ಅಗಲಕ್ಕೆ ಕತ್ತರಿಸಿ ಕೊಡುವಂತೆ ಕೇಳಿ. ಬಕಲ್ ಮಡಿಕೆಯಿಂದ ನಡುವಿನ ತೂತಿನವರೆಗಿನ ಅಳತೆಯನ್ನು ಈಗ ಧರಿಸುತ್ತಿರುವ ಬೆಲ್ಟ್‌ನಿಂದ ತೆಗೆದುಕೊಂಡು, ಅದರ ಎರಡೂ ಕಡೆ 2.5 ಸೆಂ.ಮೀ. ಅಂತರದಲ್ಲಿ ಎರಡೆರಡು ತೂತು ಹಾಕಿ. ಈ ದುಂಡು ತೂತುಗಳಿಗಾಗಿ ಮಾತ್ರ ತಿರುಗುವ ತಲೆಯ ಪಂಚಿಂಗ್ ಇಕ್ಕುಳವೊಂದನ್ನು ಕೊಳ್ಳಿ, ಇದಕ್ಕೆ ಬದಲಿ ಹುಡುಕುವುದು ವ್ಯರ್ಥ. ಸಿದ್ಧವಾದ ವಸ್ತುವಿಗೆ ಹರಳೆಣ್ಣೆಯನ್ನು ಬಟ್ಟೆಯಿಂದ ತೀರ ತೆಳುವಾಗಿ ಸವರಿ. ಹಳ್ಳಿಗಳಲ್ಲಿ ಹೊಸ ಚಪ್ಪಲಿಗೆ ಹಚ್ಚುವುದೂ ಅದನ್ನೇ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಹತ್ತಿ ಬಟ್ಟೆಯಲ್ಲಿ ಸುತ್ತಿ ಗಾಳಿಯಾಡುವ ಕಡೆ ಇಡಿ.

ಮನೆಯ ಹೊಲಿಗೆ ಯಂತ್ರವನ್ನು ಈ ಕೆಲಸದಿಂದ ದೂರವಿಡಿ. ಚರ್ಮದ ಸೂಜಿ ಹಾಕಿ ಜಾಕೆಟ್‌ನಂಥ ತೆಳು, ಮೆದು ಚರ್ಮವನ್ನು ಅದರಲ್ಲಿ ಹೊಲಿಯಬಹುದಾದರೂ 2 ಮಿ.ಮೀ. ದಪ್ಪದ ಎರಡು ಪದರಗಳನ್ನು ತೂರಿಸಹೋದರೆ ಸೂಜಿ ಮುರಿಯುತ್ತದೆ, ಯಂತ್ರದ ಹೊಂದಾಣಿಕೆಯೂ ಕೆಡುತ್ತದೆ. ಮೇಲಾಗಿ, ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ ಮತ್ತು ಕೆಳಗಿನ ದಾರ ಒಂದನ್ನೊಂದು ಕೊಕ್ಕೆ ಹಾಕಿ ಹಿಡಿದಿರುವುದರಿಂದ ಒಂದು ತುಂಡಾದರೆ ಹೊಲಿಗೆ ಬಿಚ್ಚುತ್ತ ಹೋಗುತ್ತದೆ.

ಚಪ್ಪಲಿಯ ವಿಷಯ ಬೇರೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಿಕೆಯಲ್ಲಿ (ವಸ್ತು ಯಾವ ಸೀಮೆಯದೆಂದು ಗುರುತಿಸುವ ಜಿಐ ಮಾನ್ಯತೆ) ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಸಾಂಪ್ರದಾಯಿಕ ಜೋಡಿಯಲ್ಲಿ ಮೊಳೆಯಿಲ್ಲ. ಅಟ್ಟೆಯ ಪದರಗಳನ್ನು ಚರ್ಮದ್ದೇ ಸಣ್ಣ ಬಾರಿನಿಂದ ಹೊಲಿಯುತ್ತಾರೆ, ಮೇಲಿನ ಜಡೆಯನ್ನು ತೆಳುವಾದ ಚರ್ಮದ ಎಳೆಗಳಿಂದ ಹೆಣೆಯುತ್ತಾರೆ, ಈ ಹೆಣಿಗೆ ಮತ್ತು ಹೊಲಿಗೆಯಲ್ಲಿ ಹೆಂಗಸರ ಪಾಲು ದೊಡ್ಡದು. ಅಟ್ಟೆಯನ್ನು ಎಷ್ಟು ಒದ್ದೆ ಮಾಡಿ ಎಷ್ಟು ಬಡಿಯಬೇಕು, ಹೆಬ್ಬೆರಳು ತೂರಿಸುವ ಉಂಗುಟ ಎಲ್ಲಿ ಕೂರಬೇಕು ಎಂಬುದನ್ನು ಬರಹದಿಂದ ಕಲಿಯಲಾಗದು. ಸಮಗಾರ, ಢೋರ, ಮಾದಿಗ ಕುಟುಂಬಗಳು ಈ ವಿದ್ಯೆಯನ್ನು ಅವಮಾನ ಸಹಿಸಿಕೊಂಡೇ ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿವೆ. ಅವರ ಬಳಿ ಹೋಗುವಾಗ ಉಚಿತವಾಗಿ ತೋರಿಸಿ ಎಂದು ಕೇಳಬೇಡಿ. ಒಂದು ದಿನದ ದುಡಿಮೆಗೆ ಅವರು ಹೇಳುವ ಮೊತ್ತವನ್ನು ಗುರುದಕ್ಷಿಣೆಯೆಂದು ಮೊದಲೇ ಕೊಟ್ಟು, ಪಕ್ಕದಲ್ಲಿ ಕೂತು ಕಲಿಯಿರಿ. ಅಥಣಿಗೆ ಹಾವೇರಿಯಿಂದ ಒಂದು ದಿನದ ಪ್ರಯಾಣ. ರಜೆಯಲ್ಲಿ ಹೋಗುವುದಾದರೆ ನೀವು ಹೊಲಿದ ಕನ್ನಡಕದ ಚೀಲವನ್ನೂ ಜೊತೆಗೆ ಒಯ್ಯಿರಿ, ಹೊಲಿಗೆಯಲ್ಲಿ ಎಲ್ಲಿ ಕೈ ಸಡಿಲಾಗಿದೆ ಎಂಬುದನ್ನು ಅವರು ಬೆರಳಿಟ್ಟು ತೋರಿಸುತ್ತಾರೆ.